ಬೀವಾ ಸರೋವರದ ದಂಡೆಯ ಅಜುಚಿ ಕೋಟೆ: ನೀರು ಕಂದಕವೋ, ದಾರಿಯೋ?

ಪ್ರಶ್ನೆ: ವಾಸ್ಕೋ ಬಂದರು

ಎಲ್ಲರಿಗೂ ನಮಸ್ಕಾರ. ನಾನು ಮೂಲತಃ ಬಾಗಲಕೋಟೆ ಕಡೆಯವನು. ಹತ್ತೊಂಬತ್ತು ವರ್ಷಗಳಿಂದ ವಾಸ್ಕೋದಲ್ಲಿದ್ದೇನೆ. ಬಂದರಿನಲ್ಲಿ ಸರಕಿನ ಲೆಕ್ಕ ಬರೆಯುವ ಕೆಲಸ. ರಜೆ ಸಿಕ್ಕಾಗಲೆಲ್ಲ ಕೋಟೆಗಳನ್ನು ನೋಡಿಬರುವುದು ಮೊದಲಿನಿಂದಲೂ ಇರುವ ಅಭ್ಯಾಸ. ಆಗ್ವಾದ, ರೇಯಿಸ್ ಮಾಗೋಸ್, ತೆರೆಖೋಲ್, ಛಾಪೋರಾ ಕೋಟೆಗಳನ್ನು ಎಷ್ಟು ಸಲ ಹತ್ತಿಳಿದಿದ್ದೇನೋ ಲೆಕ್ಕವಿಲ್ಲ. ದಕ್ಷಿಣಕ್ಕೆ ಮಿರ್ಜಾನ, ಉತ್ತರಕ್ಕೆ ಸಿಂಧುದುರ್ಗ ಮತ್ತು ಜಂಜೀರಾ ಕೂಡ ನೋಡಿ ಆಗಿದೆ. ಇವೆಲ್ಲವುಗಳಲ್ಲಿ ನೀರಿನ ಕೆಲಸ ನನಗೆ ಸುಲಭವಾಗಿ ಅರ್ಥವಾಗುತ್ತದೆ: ಸಮುದ್ರವೋ ಹೊಳೆಯೋ ಶತ್ರುವನ್ನು ದೂರ ಇಡುತ್ತದೆ, ಬುರುಜಿನ ಮೇಲಿನ ತೋಪು ಹಡಗನ್ನು ದೂರ ಇಡುತ್ತದೆ.

ಇತ್ತೀಚೆಗೆ ಜಪಾನಿನ ಕೋಟೆಗಳ ಬಗ್ಗೆ ಓದುತ್ತಿದ್ದಾಗ ಓಡಾ ನೊಬುನಾಗ ಎಂಬ ಸೇನಾಧಿಪತಿ 1576ರಲ್ಲಿ ಬೀವಾ ಸರೋವರದ ಪೂರ್ವ ದಂಡೆಯ ಒಂದು ಗುಡ್ಡದ ಮೇಲೆ ಕಟ್ಟಲು ಆರಂಭಿಸಿದ ಅಜುಚಿ ಕೋಟೆಯ ವಿಷಯ ಬಂತು. 1579ರಲ್ಲಿ ಅದರ ಮುಖ್ಯ ಗೋಪುರ ಸಿದ್ಧವಾಗಿ ಅವನು ಅದರಲ್ಲಿ ವಾಸಕ್ಕೆ ಬಂದನಂತೆ. 1582ರಲ್ಲಿ ಅದು ಸುಟ್ಟುಹೋಯಿತಂತೆ. ಮೂರೇ ವರ್ಷ ನಿಂತ ಕಟ್ಟಡದ ಹೆಸರನ್ನು ಒಂದು ಇಡೀ ಯುಗಕ್ಕೆ ಇಟ್ಟಿದ್ದಾರೆಂದರೆ ಅದರಲ್ಲಿ ಏನೋ ವಿಶೇಷ ಇರಲೇಬೇಕು. ಆದರೆ ಅದರ ನಕ್ಷೆಯನ್ನು ನೋಡಿದಾಗ ನನ್ನ ತಿಳಿವಳಿಕೆ ಕೈಕೊಟ್ಟಿತು. ಕೆಳಗಿನ ಹೆಬ್ಬಾಗಿಲಿನಿಂದ ಸುಮಾರು 6 ಮೀಟರ್ ಅಗಲದ ಮೆಟ್ಟಿಲು ದಾರಿ ಸುಮಾರು 180 ಮೀಟರ್‌ವರೆಗೆ ಬಾಗದೆ ಬಳುಕದೆ ನೇರವಾಗಿ ಗುಡ್ಡ ಏರುತ್ತದೆ. ಯಾವ ಕೋಟೆಯಲ್ಲಿ ಹೀಗೆ ಶತ್ರುವಿಗೆ ರಾಜಮಾರ್ಗ ಹಾಕಿಕೊಡುತ್ತಾರೆ? ನಮ್ಮ ಕಡೆಯ ಯಾವುದೇ ಕೋಟೆಯ ಬಾಗಿಲಲ್ಲಿ ನಿಂತರೂ ಎರಡು ತಿರುವು ದಾಟದೆ ಒಳಗಿನದು ಕಾಣುವುದಿಲ್ಲ.

ಆದ್ದರಿಂದ ನನ್ನ ಪ್ರಶ್ನೆಗಳು ಇವು. ಮೂರು ಬದಿ ನೀರಿರುವ ಜಾಗವನ್ನು ಆರಿಸಿಕೊಂಡವನು ಎದುರು ಬದಿಯನ್ನು ಹೀಗೇಕೆ ತೆರೆದಿಟ್ಟ? ಸುಟ್ಟು ಬೂದಿಯಾದ ಗೋಪುರ ಏಳು ಅಂತಸ್ತಿನದಾಗಿತ್ತು, ಮೇಲಿನದು ಚಿನ್ನದ ಬಣ್ಣದ್ದಾಗಿತ್ತು ಎಂದು ಅಷ್ಟು ವಿವರವಾಗಿ ಹೇಳುತ್ತಾರಲ್ಲ, ಅದು ಯಾವ ಆಧಾರದ ಮೇಲೆ? ಈ ಕೋಟೆಗೂ ನಮ್ಮ ಗೋವೆಗೂ ಏನೋ ನಂಟಿದೆ ಎಂದು ಒಂದು ಸಾಲು ಓದಿದ್ದೆ. ಆಮೇಲೆ ಹುಡುಕಿದರೆ ಸಿಗಲಿಲ್ಲ. ಬಲ್ಲವರು ದಯವಿಟ್ಟು ತಿಳಿಸಬೇಕು.


ಉತ್ತರ: ಮಡಗಾಂವ್ ಮೇಷ್ಟ್ರು

ವಾಸ್ಕೋದ ಗೆಳೆಯರಿಗೆ ನಮಸ್ಕಾರ. ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವನು ನಾನು. ಇಷ್ಟು ನೋಡಿಕೊಂಡು ಬಂದು ಕೇಳುವ ಪ್ರಶ್ನೆ ಅಪರೂಪ, ಅದಕ್ಕಾಗಿ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ನೀರಿನ ಪಕ್ಕದ ಕೋಟೆ ಎಂದೊಡನೆ ನಮ್ಮ ಮನಸ್ಸು ಕಂದಕದ ಕಡೆಗೆ ಹೋಗುತ್ತದೆ. ಅಜುಚಿಯ ಮಟ್ಟಿಗೆ ನೀರನ್ನು ಮೊದಲು ದಾರಿಯೆಂದು ನೋಡಬೇಕು, ಕಂದಕದ ಮಾತು ಆಮೇಲೆ. ಬೀವಾ ಜಪಾನಿನ ಅತಿ ದೊಡ್ಡ ಸರೋವರ. ಸುಮಾರು 670 ಚದರ ಕಿಲೋಮೀಟರ್ ವಿಸ್ತೀರ್ಣ, ಉತ್ತರ ದಕ್ಷಿಣವಾಗಿ 60 ಕಿಲೋಮೀಟರಿಗೂ ಹೆಚ್ಚು ಉದ್ದ. ಜಪಾನ್ ಸಮುದ್ರದ ಬದಿಯ ತ್ಸುರುಗಾ ಮುಂತಾದ ಬಂದರುಗಳಲ್ಲಿ ಇಳಿದ ಅಕ್ಕಿ, ಒಣಮೀನು, ಉಪ್ಪು ಗುಡ್ಡ ದಾಟಿ ಸರೋವರದ ಉತ್ತರ ತುದಿಗೆ ಬರುತ್ತಿದ್ದವು. ಅಲ್ಲಿಂದ ದೋಣಿಯಲ್ಲಿ ದಕ್ಷಿಣದ ಓತ್ಸು, ಸಕಾಮೊತೋಗಳಿಗೆ, ಅಲ್ಲಿಂದ ಇನ್ನೊಂದು ಸಣ್ಣ ಘಟ್ಟ ದಾಟಿದರೆ ರಾಜಧಾನಿ ಕ್ಯೋಟೊ. ನೀವು ಬಂದರಿನವರು, ಮಾಂಡವಿಯಲ್ಲೂ ಜುವಾರಿಯಲ್ಲೂ ಅದಿರಿನ ಬಾರ್ಜುಗಳು ಸಾಲುಗಟ್ಟಿ ಇಳಿದುಬರುವುದನ್ನು ಕಂಡವರು. ಆ ಹೊಳೆಗಳು ಗೋವೆಗೆ ಏನೋ, ಆ ಸರೋವರ ಕ್ಯೋಟೊಗೆ ಅದೇ ಆಗಿತ್ತು. ಅದನ್ನು ಹಿಡಿದವನ ಕೈಯಲ್ಲಿ ರಾಜಧಾನಿಯ ಅನ್ನದ ಬಟ್ಟಲಿತ್ತು.

ನೊಬುನಾಗ ಇದನ್ನು ಚೆನ್ನಾಗಿ ಅರಿತಿದ್ದ. 1573ರಲ್ಲೇ ಅವನು ಈ ಸರೋವರದ ದಂಡೆಯಲ್ಲಿ ಸುಮಾರು 54 ಮೀಟರ್ ಉದ್ದದ, ನೂರು ಹುಟ್ಟುಗಳ ಒಂದು ಹಡಗನ್ನು ಕಟ್ಟಿಸಿ, ಸೈನ್ಯವನ್ನು ಅದರಲ್ಲಿ ತುಂಬಿಸಿಕೊಂಡು ಎದುರು ದಡಕ್ಕೆ ದಾಟಿದ. ಆಮೇಲೆ ದಂಡೆಯ ಸುತ್ತ ಕೋಟೆಗಳನ್ನು ಕೂರಿಸಿದ: ನೈಋತ್ಯದ ಸಕಾಮೊತೋದಲ್ಲಿ ಅಕೇಚಿ ಮಿತ್ಸುಹಿಡೆ, ಈಶಾನ್ಯದ ನಾಗಾಹಾಮದಲ್ಲಿ ಮುಂದೆ ಇಡೀ ದೇಶವನ್ನು ಆಳಿದ ಹಿಡೆಯೋಶಿ, ಪಶ್ಚಿಮದ ಓಮಿಜೋದಲ್ಲಿ ತನ್ನ ತಮ್ಮನ ಮಗ, ಪೂರ್ವದಲ್ಲಿ ಅಜುಚಿಯಲ್ಲಿ ತಾನು. ನಾಲ್ಕೂ ದೋಣಿ ಹತ್ತಿಸಿಕೊಳ್ಳುವ ಕೋಟೆಗಳು. ಒಂದರಿಂದ ಇನ್ನೊಂದಕ್ಕೆ ಸೈನ್ಯ ಹೋಗಬೇಕಾದರೆ ಗದ್ದೆಯ ಕೆಸರಿನ ಗೊಡವೆಯೇ ಇಲ್ಲ. ಈ ಸರಪಳಿಯನ್ನು ನೋಡದೆ ಅಜುಚಿಯೊಂದನ್ನೇ ನೋಡಿದರೆ ಆ ಜಾಗದ ಆಯ್ಕೆ ಅರ್ಥವಾಗುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಭೂಮಾರ್ಗದ ದೃಷ್ಟಿಯಿಂದಲೂ ಅದು ಅವನ ಹಳೆಯ ನೆಲೆಯಾದ ಗಿಫುವಿಗೂ ಕ್ಯೋಟೊಗೂ ನಡುವೆ ಇತ್ತು. ಕೋಟೆಯ ಕೆಳಗಿನ ಪೇಟೆಗೆ 1577ರಲ್ಲಿ ಅವನು ಹದಿಮೂರು ಕಲಮುಗಳ ಒಂದು ಆಜ್ಞೆ ಹೊರಡಿಸಿ, ವ್ಯಾಪಾರಿ ಸಂಘಗಳ ಏಕಸ್ವಾಮ್ಯವನ್ನು ತೆಗೆದುಹಾಕಿ, ಆ ದಾರಿಯಲ್ಲಿ ಹಾಯುವ ವರ್ತಕರು ಅಜುಚಿಯಲ್ಲಿ ತಂಗಲೇಬೇಕೆಂದು ವಿಧಿಸಿದ. ಶತ್ರುವನ್ನು ದೂರ ಇಡುವುದೇ ಕೋಟೆಯ ಕೆಲಸ ಎನ್ನುವವನು ಊರಿನ ವರ್ತಕರನ್ನೆಲ್ಲ ಹೀಗೆ ಕರೆದು ಕೂರಿಸುವುದಿಲ್ಲ.

ಇನ್ನು ಆ ನೇರ ದಾರಿ. ಶಿಗಾ ಪ್ರಾಂತದ ಆಡಳಿತ 1989ರಿಂದ ಇಪ್ಪತ್ತು ವರ್ಷ ನಡೆಸಿದ ಉತ್ಖನನ ಮತ್ತು ದುರಸ್ತಿಯಲ್ಲಿ ಅದರ ನಿಜವಾದ ರೂಪ ಮಣ್ಣಿನಡಿಯಿಂದ ಹೊರಬಂತು. ಮೇಲಿನ ಮುಖ್ಯ ಅಂಗಳದಲ್ಲಿ ಕ್ಯೋಟೊದ ಅರಮನೆಯಲ್ಲಿ ಚಕ್ರವರ್ತಿ ವಾಸಿಸುವ ಕಟ್ಟಡವನ್ನು ಹೋಲುವ ಒಂದು ಅಡಿಪಾಯವೂ ಸಿಕ್ಕಿತು. ಇವೆರಡನ್ನೂ ಕೂಡಿಸಿ ನೋಡಿದ ಹಲವು ವಿದ್ವಾಂಸರು ನೊಬುನಾಗ ಇಲ್ಲಿಗೆ ಚಕ್ರವರ್ತಿಯನ್ನು ಬರಮಾಡಿಕೊಳ್ಳುವ ಸಿದ್ಧತೆಯಲ್ಲಿದ್ದ, ನೇರ ಮೆಟ್ಟಿಲು ಆ ಮೆರವಣಿಗೆಯ ದಾರಿ ಎಂದು ವಾದಿಸುತ್ತಾರೆ. ನನಗೆ ಈ ವಾದ ಒಪ್ಪಿಗೆಯಾಗುತ್ತದೆ. ಆ ದಾರಿ ಕೊನೆಯವರೆಗೂ ನೇರವಾಗಿಲ್ಲ ಎಂಬುದನ್ನೂ ಗಮನಿಸಿ. ಮೇಲೆ ಹೋಗುತ್ತ ಅದು ತಿರುಗುತ್ತದೆ, ಕಿರಿದಾಗುತ್ತದೆ, ಗೋಪುರದ ಸಮೀಪದಲ್ಲಿ ಭದ್ರವಾದ ಬಾಗಿಲುಗಳಿದ್ದವು. ನೀವು ನೋಡಿದ ನಕ್ಷೆಯ ಕೆಳಭಾಗ ಮೆರವಣಿಗೆಗೆ, ಮೇಲ್ಭಾಗ ಕಾವಲಿಗೆ.

ಗೋಪುರದ ವಿಷಯವಾಗಿ ಮುಖ್ಯವಾಗಿ ಎರಡು ಬರಹಗಳಿವೆ. ಒಂದು ನೊಬುನಾಗನ ಸೇವೆಯಲ್ಲೇ ಇದ್ದ ಓತಾ ಗ್ಯೂಇಚಿ ಬರೆದಿಟ್ಟ ವೃತ್ತಾಂತ. ಅದರಲ್ಲಿ ಅಂತಸ್ತು ಅಂತಸ್ತಿನ ಕೋಣೆಗಳು, ಕೋಣೆಗಳ ಗೋಡೆಯ ಚಿತ್ರಗಳು, ಕಂಬಗಳ ಅಳತೆ ಎಲ್ಲವೂ ಇವೆ. ಇನ್ನೊಂದು ಪೋರ್ಚುಗೀಸ್ ಪಾದ್ರಿ ಲುಯಿಸ್ ಫ್ರೋಯಿಸ್ ಕೊಟ್ಟ ವರ್ಣನೆ. ಇವುಗಳ ಪ್ರಕಾರ ಹೊರಗಿನಿಂದ ಐದು ಚಾವಣಿ, ಒಳಗೆ ನೆಲಮಾಳಿಗೆಯೂ ಸೇರಿ ಏಳು ಹಂತ. ಆರನೆಯದು ಎಂಟು ಮೂಲೆಯದು, ಕೆಂಪು ಬಣ್ಣದ್ದು, ಬೌದ್ಧ ಚಿತ್ರಗಳಿಂದ ತುಂಬಿದ್ದು. ಏಳನೆಯದು ಚೌಕ, ಒಳಗೂ ಹೊರಗೂ ಚಿನ್ನ, ಗೋಡೆಗಳಲ್ಲಿ ಚೀನಾದ ಪ್ರಾಚೀನ ಅರಸರು ಮತ್ತು ಜ್ಞಾನಿಗಳು. ಚಿತ್ರಗಳನ್ನು ಬರೆದವರು ಆ ಕಾಲದ ಮಹಾ ಚಿತ್ರಕಾರ ಕಾನೋ ಎಯ್ತೋಕು ಮತ್ತು ಅವನ ಶಿಷ್ಯರು. ಮರಗೆಲಸದ ಮುಖ್ಯ ಬಡಗಿ ಆತ್ಸುತಾದ ಓಕಾಬೆ ಮಾತಾಎಮೊನ್, ಒಟ್ಟು ಉಸ್ತುವಾರಿ ನಿವಾ ನಾಗಾಹಿಡೆಯದು. ಬಾಗಲಕೋಟೆ ಕಡೆಯವರಾದ ನಿಮಗೆ ವಿಜಯಪುರದ ಸಾತ್ ಮಂಜಿಲ್ ಗೊತ್ತೇ ಇದೆ; ಅದೂ ಹೆಚ್ಚುಕಡಿಮೆ ಅದೇ ಕಾಲದ್ದು, ಅದೂ ಏಳು ಅಂತಸ್ತಿನದು, ಅದರ ಗೋಡೆಗಳಲ್ಲೂ ಚಿತ್ರ ಮತ್ತು ಹೊಂಬಣ್ಣ ಇದ್ದವು. ಒಂದಕ್ಕೊಂದು ಯಾವ ಸಂಬಂಧವೂ ಇಲ್ಲ, ಆದರೆ ಎತ್ತರವೇ ಅಧಿಕಾರದ ಮಾತು ಎಂಬುದು ಎರಡೂ ಕಡೆ ಒಂದೇ.

ಕೋಟೆಯ ಗೋಪುರಕ್ಕೆ ಜಪಾನಿಯಲ್ಲಿ ‘ತೆನ್‌ಶು’ ಎನ್ನುತ್ತಾರೆ. ಉಳಿದೆಡೆ ಅದನ್ನು ಆಕಾಶದ ಕಾವಲು ಎಂಬರ್ಥದ ಅಕ್ಷರಗಳಲ್ಲಿ ಬರೆದರೆ, ಅಜುಚಿಯದನ್ನು ಮಾತ್ರ ಆಕಾಶದ ಒಡೆಯ ಎಂಬರ್ಥ ಬರುವ ಅಕ್ಷರಗಳಲ್ಲಿ ಬರೆಯುತ್ತಾರೆ. ನೊಬುನಾಗ ಅದರಲ್ಲಿಯೇ ವಾಸವಾಗಿದ್ದ ಎಂಬುದೂ ವಿಶೇಷ. ನಂತರದ ದೊರೆಗಳು ಕೆಳಗಿನ ಅರಮನೆಯಲ್ಲಿದ್ದು ಗೋಪುರವನ್ನು ಉಗ್ರಾಣವಾಗಿ ಬಳಸುತ್ತಿದ್ದರು, ಇಲ್ಲವೇ ಖಾಲಿ ಇಡುತ್ತಿದ್ದರು.

ಆದರೆ ಬರಹದಿಂದ ಕಟ್ಟಡದ ಒಳರಚನೆ ಪೂರ್ತಿ ತಿಳಿಯುವುದಿಲ್ಲ. 1970ರ ದಶಕದಲ್ಲಿ ನೈತೋ ಅಕಿರಾ ಎಂಬ ವಾಸ್ತು ಇತಿಹಾಸಕಾರರು ಒಂದು ಹಳೆಯ ಬಡಗಿ ಮನೆತನದ ನಕ್ಷೆಯನ್ನು ಆಧರಿಸಿ, ಗೋಪುರದ ನಡುಭಾಗ ಕೆಳಗಿನಿಂದ ಹಲವು ಅಂತಸ್ತುಗಳವರೆಗೆ ಬಯಲಾಗಿ ಬಾವಿಯಂತಿತ್ತು, ತಳದಲ್ಲಿ ಸ್ತೂಪವಿತ್ತು ಎಂದು ಪ್ರತಿಪಾದಿಸಿದರು. ಆ ನಕ್ಷೆ ನಂತರದ ಕಾಲದ ಕಲ್ಪನೆ ಎಂದು ಮಿಯಾಕಾಮಿ ಶಿಗೆತಾಕಾ ವಿರೋಧಿಸಿದರು. ಚರ್ಚೆ ಇನ್ನೂ ಮುಗಿದಿಲ್ಲ. ಗೋವೆಯ ನಂಟಿನ ಬಗ್ಗೆ ನಾಳೆ ಬೇರೆಯಾಗಿ ಬರೆಯುತ್ತೇನೆ, ಅದಕ್ಕೆ ಅದರದೇ ಜಾಗ ಬೇಕು.


ಉತ್ತರ: ಪರ್ವರಿ ವಾಸಿ

ಮೇಷ್ಟ್ರ ಬರಹಕ್ಕೆ ಧನ್ಯವಾದಗಳು. ಕಂಪನಿಯ ತರಬೇತಿಗಾಗಿ ನಾನು ಎರಡು ವರ್ಷ ಶಿಗಾ ಪ್ರಾಂತದಲ್ಲಿದ್ದೆ. ಅಜುಚಿಗೆ ನಾಲ್ಕು ಸಲ, ಅದೇ ರೈಲು ಮಾರ್ಗದಲ್ಲಿ ಸ್ವಲ್ಪ ಮುಂದಿರುವ ಹಿಕೋನೆ ಕೋಟೆಗೆ ಲೆಕ್ಕವಿಲ್ಲದಷ್ಟು ಸಲ ಹೋಗಿದ್ದೇನೆ. ಕಣ್ಣಿಗೆ ಕಂಡದ್ದನ್ನು ಮಾತ್ರ ಹೇಳುತ್ತೇನೆ.

ಅಜುಚಿಗೆ ಮೊದಲ ಸಲ ಹೋದಾಗ ನನಗೆ ನಿರಾಸೆಯಾಗಿತ್ತು ಎಂಬುದನ್ನು ಒಪ್ಪಿಕೊಳ್ಳಬೇಕು, ಏಕೆಂದರೆ ಸರೋವರವೇ ಕಾಣಲಿಲ್ಲ. ಗುಡ್ಡದ ಸುತ್ತ ಕಣ್ಣು ಹಾಯುವಷ್ಟೂ ಭತ್ತದ ಗದ್ದೆ. ಆ ಗದ್ದೆಗಳಲ್ಲಿ ಬಹುಪಾಲು ನೊಬುನಾಗನ ಕಾಲದಲ್ಲಿ ನೀರಾಗಿದ್ದವು. ಬೀವಾಗೆ ಅಂಟಿಕೊಂಡಿದ್ದ ಒಳಸರೋವರಗಳನ್ನು 1940ರ ದಶಕದಲ್ಲಿ ಆಹಾರ ಬೆಳೆಯಲೆಂದು ಬತ್ತಿಸಿದರು. ಗುಡ್ಡದ ಪಶ್ಚಿಮಕ್ಕೆ ನಿಶಿನೋಕೊ ಎಂಬ ಒಂದು ತುಂಡು ಮಾತ್ರ ಜೊಂಡಿನ ನಡುವೆ ಉಳಿದಿದೆ. ಗೋವೆಯವರಿಗೆ ಇದನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ, ನಮ್ಮ ಖಾಜನ್ ಗದ್ದೆಗಳೂ ಒಂದು ಕಾಲಕ್ಕೆ ಹೊಳೆಯ ನೀರು ನುಗ್ಗುತ್ತಿದ್ದ ಜಾಗಗಳೇ.

ನೇರ ಮೆಟ್ಟಿಲನ್ನು ಹತ್ತುವಾಗ ಕಾಲ ಕೆಳಗೆ ನೋಡಿಕೊಳ್ಳಬೇಕು. ಅಲ್ಲಲ್ಲಿ ಮೆಟ್ಟಿಲಿನ ಕಲ್ಲೇ ಬುದ್ಧನ ಮೂರ್ತಿ. ಅವಸರದ ಕಟ್ಟಡಕ್ಕೆ ಸುತ್ತಲಿನಿಂದ ಸಿಕ್ಕ ಕಲ್ಲನ್ನೆಲ್ಲ ತಂದಾಗ ಇವೂ ಬಂದವು. ಅವುಗಳನ್ನು ಕಿತ್ತು ಬೇರೆಡೆ ಇಡದೆ ಇದ್ದಲ್ಲಿಯೇ ಗುರುತು ಮಾಡಿ ಉಳಿಸಿದ್ದಾರೆ. ಜನ ಮುಂದೆ ನಾಣ್ಯ ಇಟ್ಟು ಕೈಮುಗಿದು ಪಕ್ಕದಿಂದ ಹಾದುಹೋಗುತ್ತಾರೆ. ಸವೆದ ಮುಖ, ಮಡಿಲಲ್ಲಿ ಒಂದೆರಡು ನಾಣ್ಯ, ಸುತ್ತ ಪಾಚಿ. ನನ್ನ ಮಟ್ಟಿಗೆ ಅಜುಚಿಯಲ್ಲಿ ಎಲ್ಲಕ್ಕಿಂತ ಮನಸ್ಸಿನಲ್ಲಿ ಉಳಿದದ್ದು ಇದೇ.

ತುದಿಯಲ್ಲಿ ಗೋಪುರದ ಪೀಠವಿದೆ. ಒಳಗೆ ಕಂಬ ನಿಲ್ಲಿಸುವ ಕಲ್ಲುಗಳು ಸಾಲು ಸಾಲಾಗಿ ನೆಲದಲ್ಲಿ ಹುದುಗಿವೆ, ನಡುವಿನ ಒಂದು ಜಾಗದಲ್ಲಿ ಮಾತ್ರ ಕಲ್ಲಿಲ್ಲ. ಮೇಷ್ಟ್ರು ಹೇಳಿದ ಸ್ತೂಪದ ವಾದಕ್ಕೆ ಆ ಖಾಲಿ ಜಾಗವೂ ಒಂದು ಆಧಾರ. ಆ ಪೀಠದ ಗೋಡೆಯ ಮೇಲೆ ಹತ್ತಿ ನಿಂತಾಗ ಮಾತ್ರ ದೂರದಲ್ಲಿ ಬೀವಾ ಕಂಡಿತು. ಗುಡ್ಡ ಸರೋವರದ ಮಟ್ಟದಿಂದ ಸುಮಾರು 110 ಮೀಟರ್ ಎತ್ತರ. ಅದರ ಮೇಲೆ ಚಿನ್ನದ ತುದಿಯ ಗೋಪುರ, ಸುತ್ತ ಗದ್ದೆಯ ಬದಲು ನೀರು ಎಂದು ಕಲ್ಪಿಸಿಕೊಂಡರೆ, ಉತ್ತರದಿಂದ ಸರಕು ತುಂಬಿಕೊಂಡು ಬರುವ ದೋಣಿಯವನಿಗೆ ಅದು ಎಷ್ಟು ದೂರದಿಂದ ಕಾಣುತ್ತಿತ್ತೋ!

ಸರೋವರದ ಕೋಟೆ ನಿಂತಿರುವುದನ್ನೇ ನೋಡಬೇಕೆಂದರೆ ಹಿಕೋನೆಗೆ ಹೋಗಬೇಕು. 1600ರ ಸೆಕಿಗಾಹಾರಾ ಯುದ್ಧದಲ್ಲಿ ಗೆದ್ದ ತೊಕುಗಾವಾ ಇಯೆಯಾಸು ಈ ಪ್ರದೇಶವನ್ನು ಈ ನಾವೊಮಾಸಾ ಎಂಬ ತನ್ನ ಸರದಾರನಿಗೆ ಕೊಟ್ಟ (‘ಈ’ ಎಂಬುದು ಆ ಮನೆತನದ ಹೆಸರು). ಯುದ್ಧದ ಗುಂಡಿನ ಗಾಯದಿಂದ ಅವನು 1602ರಲ್ಲಿ ತೀರಿಕೊಂಡ. ಮಗನ ಕಾಲದಲ್ಲಿ ಕೆಲಸ ಆರಂಭವಾಗಿ, 1622ರಲ್ಲಿ ಇಡೀ ಕೋಟೆ ಮುಗಿಯಿತು. ಮೂರು ಅಂತಸ್ತಿನ ಗೋಪುರ ಸಣ್ಣದೇ, ಆದರೆ ಮೂಲ ಮರದಲ್ಲೇ ಉಳಿದಿರುವ ಜಪಾನಿನ ಹನ್ನೆರಡು ಗೋಪುರಗಳಲ್ಲಿ ಅದೂ ಒಂದು, ರಾಷ್ಟ್ರೀಯ ನಿಧಿಯೆಂದು ಗುರುತಿಸಿರುವ ಐದರಲ್ಲಿಯೂ ಒಂದು. ಅದನ್ನು ಹೊಸದಾಗಿ ಕಟ್ಟಿದ್ದೂ ಅಲ್ಲ. 1957ರಿಂದ 1960ರವರೆಗೆ ಗೋಪುರವನ್ನು ಬಿಚ್ಚಿ ದುರಸ್ತಿ ಮಾಡಿದಾಗ ತೊಲೆಗಳ ಮೇಲೆ ಹಿಂದಿನ ಜೋಡಣೆಯ ಗುರುತುಗಳು ಸಿಕ್ಕವು. ಅದು ಬೇರೊಂದು ದೊಡ್ಡ ಗೋಪುರದ ಮರ. ಸರೋವರದ ದಕ್ಷಿಣದ ಓತ್ಸು ಕೋಟೆಯದೆಂದು ಹೇಳುತ್ತಾರೆ. ಓತ್ಸುವಿನ ಗೋಪುರ ಮುತ್ತಿಗೆಯಲ್ಲೂ ಬೀಳಲಿಲ್ಲವೆಂದು ಅದನ್ನು ಮಂಗಳಕರವೆಂದು ಭಾವಿಸಿದ್ದರಂತೆ.

ಇಲ್ಲಿ ವಾಸ್ಕೋದವರು ಬಯಸುವ ತಿರುವುಗಳೆಲ್ಲ ಇವೆ. ಮೆಟ್ಟಿಲುಗಳು ಬೇಕೆಂದೇ ಏರುಪೇರು, ಓಡಿ ಹತ್ತುವವನ ಹೆಜ್ಜೆಯ ಲಯ ತಪ್ಪಿಸುವಂತೆ. ತಕ್ಕಡಿಯಂತೆ ಎರಡು ಬದಿಗೂ ಒಂದೇ ಸಮನಾಗಿ ಚಾಚಿದ ಕಾವಲು ಮನೆಯ ಮುಂದೆ ಒಂದು ಮರದ ಸೇತುವೆ. ಯುದ್ಧ ಬಂದರೆ ಅದನ್ನು ಕೆಡವಿ ದಾರಿ ಕಡಿದುಬಿಡುವ ಏರ್ಪಾಟು. ಗೋಪುರದ ಗೋಡೆಯಲ್ಲಿ ಬಾಣಕ್ಕೂ ಬಂದೂಕಿಗೂ ಕಿಂಡಿಗಳಿವೆ, ಆದರೆ ಹೊರಗಿನಿಂದ ಸುಣ್ಣದ ಗಾರೆ ಬಳಿದು ಮುಚ್ಚಿದ್ದಾರೆ. ಹೊರಗೆ ನಿಂತವನಿಗೆ ನುಣುಪಾದ ಬಿಳಿ ಗೋಡೆ; ಒಳಗಿನವನು ಬೇಕಾದಾಗ ಒಡೆದು ಗುಂಡು ಹಾರಿಸಬಹುದು. ಚಪ್ಪಲಿಯನ್ನು ಚೀಲದಲ್ಲಿ ಹಿಡಿದುಕೊಂಡು ಬರಿಗಾಲಲ್ಲಿ ಹತ್ತಬೇಕಾದ ಒಳಮೆಟ್ಟಿಲು 62 ಡಿಗ್ರಿ ಕಡಿದು, ಅಂದರೆ ಏಣಿಯೇ. ಇಷ್ಟರ ನಡುವೆಯೂ ಹೊರಮೈಯಲ್ಲಿ ಬೌದ್ಧ ಮಠಗಳ ಗಂಟೆಯಾಕಾರದ ಕಿಟಕಿಗಳು, ಬಗೆಬಗೆಯ ಮುಖಮಾಡುಗಳು.


ಉತ್ತರ: ಫೋಂಡಾ ಕಲ್ಲುಕೆಲಸ

ಇಳಕಲ್ಲಿನವನು, ಫೋಂಡಾದಲ್ಲಿ ಕಲ್ಲಿನ ಗುತ್ತಿಗೆ ಮಾಡುತ್ತೇನೆ. ಅಕ್ಕಾವರು ಮೆಟ್ಟಿಲ ಕಲ್ಲಿನ ಬಗ್ಗೆ ಬರೆದದ್ದನ್ನು ಓದಿ ಗೋಡೆಯ ಬಗ್ಗೆ ನಾಲ್ಕು ಮಾತು ಸೇರಿಸಬೇಕೆನಿಸಿತು.

ಗೋವೆಯ ಕೋಟೆಗಳೆಲ್ಲ ಬಹುಪಾಲು ಚಿರೆಕಲ್ಲಿನವು. ಕೊಡಲಿಯಲ್ಲಿ ಕೆತ್ತಬಹುದಾದ ಕಲ್ಲು, ಸುಣ್ಣದ ಗಾರೆ ಇಟ್ಟು ಕೂರಿಸಿದರೆ ಗೋಡೆ ಒಂದೇ ಮೈಯಾಗುತ್ತದೆ. ಅಜುಚಿಯಲ್ಲಿ ಗಾರೆಯೇ ಇಲ್ಲ. ಸರೋವರದ ಆಚೆ ದಂಡೆಯ ಸಕಾಮೊತೋ ಹತ್ತಿರದ ಅನೋ ಎಂಬ ಊರಿನ ಕಲ್ಲುಕುಟಿಗರು ಅಲ್ಲಿ ಕೆಲಸ ಮಾಡಿದರು. ಅವರ ಕೈಕೆಲಸ ಈ ಕೋಟೆಯಿಂದಲೇ ದೇಶಕ್ಕೆಲ್ಲ ಹೆಸರಾಯಿತು. ಅವರು ಕಲ್ಲನ್ನು ಹೆಚ್ಚು ಕೆತ್ತುವುದಿಲ್ಲ. ಸಿಕ್ಕ ಕಲ್ಲಿನ ಉದ್ದದ ಬದಿಯನ್ನು ಗುಡ್ಡದ ಒಳಕ್ಕೆ ಚಾಚಿಸಿ, ಮೋರೆ ಮಾತ್ರ ಹೊರಗೆ ಬರುವಂತೆ ಕೂರಿಸಿ, ಹಿಂಬದಿಗೆ ಸಣ್ಣ ಕಲ್ಲುಗಳನ್ನು ದಪ್ಪವಾಗಿ ತುಂಬುತ್ತಾರೆ. ನೋಡುವವರಿಗೆ ಒರಟು ಗೋಡೆ ಅನ್ನಿಸುತ್ತದೆ, ಆದರೆ ಬಾಳಿಕೆಯ ಗುಟ್ಟು ಆ ಸಣ್ಣ ಕಲ್ಲಿನಲ್ಲಿದೆ. ಮಳೆ ನೀರು ಗೋಡೆಯ ಹಿಂದೆ ನಿಂತು ಮಣ್ಣು ಉಬ್ಬಿದರೆ ಎಂಥ ಗೋಡೆಯೂ ಮುಂದಕ್ಕೆ ಬರುತ್ತದೆ. ನೀರು ಸಣ್ಣ ಕಲ್ಲಿನ ಸಂದಿಯಿಂದ ಇಳಿದುಹೋದರೆ ಗೋಡೆಗೆ ಆ ನೀರಿನ ಭಾರ ಬೀಳುವುದಿಲ್ಲ. ನಮ್ಮ ಗೋವೆಯ ಮಳೆಗಾಲದಲ್ಲಿ ಹಿಂದೆ ಕಲ್ಲು ತುಂಬದೆ ಬರೀ ಮಣ್ಣು ದೂಡಿ ಕಟ್ಟಿದ ತಡೆಗೋಡೆಗಳು ಎರಡನೆಯ ಆಷಾಢಕ್ಕೆ ಹೊಟ್ಟೆ ಬಿಡುವುದನ್ನು ಪ್ರತಿ ವರ್ಷ ನೋಡುತ್ತೇನೆ. ಭೂಕಂಪದ ನಾಡಿನಲ್ಲಿ ಗಾರೆಯಿಲ್ಲದ ಗೋಡೆ ಸ್ವಲ್ಪ ಅಲುಗಾಡಿ ಮತ್ತೆ ಕೂತುಕೊಳ್ಳುತ್ತದೆ ಎಂಬುದೂ ಒಂದು ಅನುಕೂಲ.

ಹಿಕೋನೆಯಲ್ಲಿ ಇದನ್ನು ಹೋಲಿಸಿ ನೋಡಬಹುದೆಂದು ಓದಿದ್ದೇನೆ. ಆ ತಕ್ಕಡಿ ಕಾವಲು ಮನೆಯ ಸೇತುವೆಯ ಬಲಕ್ಕೆ ಮೂಲದ ಒರಟು ಕಟ್ಟು, ಎಡಕ್ಕೆ 19ನೆಯ ಶತಮಾನದ ದುರಸ್ತಿಯಲ್ಲಿ ಕೆತ್ತಿ ಓರೆಯಾಗಿ ಕೂರಿಸಿದ ಕಲ್ಲು. ಅಕ್ಕಾವರು ಅದನ್ನು ಕಂಡಿರಬೇಕು.

ಅಜುಚಿಗೆ ‘ಹಾವಿನ ಕಲ್ಲು’ ಎಂಬ ಒಂದು ಮಹಾ ಬಂಡೆಯನ್ನು ಹತ್ತು ಸಾವಿರ ಜನ ಮೂರು ಹಗಲು ಮೂರು ರಾತ್ರಿ ಎಳೆದು ಮೇಲೇರಿಸಿದರೆಂದು ಮೇಷ್ಟ್ರು ಹೆಸರಿಸಿದ ಓತಾ ಬರೆದಿದ್ದಾನೆ. ನಡುವೆ ಅದು ಜಾರಿ ನೂರೈವತ್ತಕ್ಕೂ ಹೆಚ್ಚು ಜನ ಅಡಿಗೆ ಸಿಕ್ಕರೆಂದು ಪಾದ್ರಿ ಫ್ರೋಯಿಸ್ ಬರೆದಿದ್ದಾನೆ. ಆ ಬಂಡೆ ಇಂದಿಗೂ ಪತ್ತೆಯಾಗಿಲ್ಲ. ಕೋಟೆಯ ಮಾತು ಬಂದಾಗ ದೊರೆಯ ಹೆಸರು, ಚಿತ್ರಕಾರನ ಹೆಸರು ಹೇಳುತ್ತೇವೆ. ಆ ಹಗ್ಗ ಎಳೆದವರನ್ನೂ ಇಲ್ಲಿ ನೆನೆಯೋಣ ಎಂದು ಬರೆದೆ.


ಪ್ರಶ್ನೆ ಕೇಳಿದವರು: ವಾಸ್ಕೋ ಬಂದರು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ನೀರು ಕಂದಕವಲ್ಲ, ದಾರಿ ಎಂಬ ಮೇಷ್ಟ್ರ ಮಾತನ್ನು ಓದಿದ ಮೇಲೆ ನಕ್ಷೆಯನ್ನು ಮತ್ತೆ ತೆಗೆದು ನೋಡಿದೆ. ಬಂದರಿನಲ್ಲಿದ್ದುಕೊಂಡು ಇದು ನನಗೇ ಹೊಳೆಯಬೇಕಿತ್ತು. ಕಲ್ಲುಕೆಲಸದ ಅಣ್ಣ ಹೇಳಿದ ಹಿಂಬದಿಯ ಸಣ್ಣ ಕಲ್ಲಿನ ವಿಷಯವನ್ನು ಇನ್ನು ಮುಂದೆ ಪ್ರತಿ ಕೋಟೆಯಲ್ಲೂ ನೋಡುತ್ತೇನೆ. ಮೇಷ್ಟ್ರೇ, ಗೋವೆಯ ನಂಟು ಮತ್ತು ಕೋಟೆಯ ಕೊನೆ, ಇವೆರಡನ್ನೂ ತಿಳಿಸಿಕೊಡಿ.


ಉತ್ತರ: ಮಡಗಾಂವ್ ಮೇಷ್ಟ್ರು

ಫ್ರೋಯಿಸ್‌ನಿಂದಲೇ ಆರಂಭಿಸುತ್ತೇನೆ. ಅಜುಚಿಯನ್ನು ಯುರೋಪಿಗೆ ಪರಿಚಯಿಸಿದ ಈ ಲೇಖಕ ರೂಪುಗೊಂಡದ್ದು ನಮ್ಮ ಹಳೆ ಗೋವೆಯಲ್ಲಿ. 1548ರಲ್ಲಿ ಇಲ್ಲಿಗೆ ಬಂದು, ಸಂತ ಪೌಲರ ವಿದ್ಯಾಲಯದಲ್ಲಿ ಓದಿ, 1561ರಲ್ಲಿ ಇಲ್ಲಿಯೇ ಪಾದ್ರಿ ದೀಕ್ಷೆ ಪಡೆದು, 1563ರಲ್ಲಿ ಜಪಾನ್ ತಲುಪಿದ. ಅವನು ಬಂದ ಅದೇ 1548ರಲ್ಲಿ ಆಂಜಿರೋ ಎಂಬ ಜಪಾನಿಯೊಬ್ಬನಿಗೆ ಗೋವೆಯಲ್ಲಿ ದೀಕ್ಷಾಸ್ನಾನವಾಯಿತು. ಮರುವರ್ಷ ಫ್ರಾನ್ಸಿಸ್ ಝೇವಿಯರ್ ಜಪಾನಿಗೆ ಹೋದದ್ದು ಅವನನ್ನು ಜೊತೆಯಲ್ಲಿಟ್ಟುಕೊಂಡೇ.

ಇನ್ನು ಅಜುಚಿ. ಜೆಸುಯಿಟ್ ಪಂಥದ ಪೂರ್ವದೇಶಗಳ ಮೇಲ್ವಿಚಾರಕನಾದ ಅಲೆಸ್ಸಾಂದ್ರೋ ವಾಲಿನ್ಯಾನೋ 1581ರಲ್ಲಿ ಅಲ್ಲಿಗೆ ಬಂದ. ನೊಬುನಾಗ ಅವನಿಗೆ ಒಂದು ಜೋಡಿ ಮಡಿಸುವ ಪರದೆಗಳನ್ನು ಕೊಟ್ಟ. ಕೋಟೆ ಮತ್ತು ಊರಿನ ಚಿತ್ರ ಅವುಗಳಲ್ಲಿತ್ತು, ಚಕ್ರವರ್ತಿ ಬಯಸಿದಾಗಲೂ ಬಿಟ್ಟುಕೊಡದ ಪರದೆಗಳು ಅವು. ಅತಿಥಿ ಹೊರಡುವ ಮುನ್ನ ಪಿತೃಗಳ ಹಬ್ಬ ಬಂತು. ಮನೆಮನೆಯಲ್ಲಿ ದೀಪ ಹಚ್ಚುವುದು ಪದ್ಧತಿ, ಆದರೆ ಆ ರಾತ್ರಿ ಊರಿನ ದೀಪಗಳನ್ನೆಲ್ಲ ಆರಿಸಿಸಿ ಗೋಪುರಕ್ಕೆ ಮಾತ್ರ ಲಾಂದ್ರಗಳನ್ನು ಕಟ್ಟಿಸಿದ. ಕೆಳಗಿನ ನೀರಿನಲ್ಲಿ ದೋಣಿಗಳು ಪಂಜು ಹಿಡಿದು ನಿಂತಿದ್ದವು. ತ್ರಿಪುರಾರಿ ಹುಣ್ಣಿಮೆಯಂದು ಸಾಂಖಳಿಯ ವಾಳವಂಟಿ ಹೊಳೆಯಲ್ಲಿ ದೀಪದ ದೋಣಿಗಳನ್ನು ತೇಲಿಬಿಡುವುದನ್ನು ಕಂಡವರಿಗೆ ಕತ್ತಲ ನೀರಿನ ಮೇಲೆ ಬೆಳಕು ಏನು ಮಾಡುತ್ತದೆಂದು ವಿವರಿಸಬೇಕಿಲ್ಲ. ನೀರು ದಾರಿಯಾಗಿತ್ತು ಎಂದು ಮೊದಲು ಹೇಳಿದ್ದೆ. ಆ ರಾತ್ರಿ ಅದು ಕನ್ನಡಿಯೂ ಆಗಿತ್ತು.

1582ರ ಫೆಬ್ರವರಿಯಲ್ಲಿ ವಾಲಿನ್ಯಾನೋ ನಾಲ್ವರು ಜಪಾನಿ ಹುಡುಗರನ್ನು ರಾಯಭಾರಿಗಳಾಗಿ ಕರೆದುಕೊಂಡು ನಾಗಾಸಾಕಿಯಿಂದ ಹೊರಟ. ಪರದೆಗಳೂ ಪೋಪರಿಗೆ ಕಾಣಿಕೆಯಾಗಿ ಹಡಗೇರಿದವು. ಮಕಾವ್, ಮಲಕ್ಕಾ, ಕೊಚ್ಚಿ ದಾಟಿ 1583ರ ನವೆಂಬರಿನಲ್ಲಿ ಅವರು ಗೋವೆ ತಲುಪಿದರು. ವಾಲಿನ್ಯಾನೋ ಇಲ್ಲಿನ ಹೊಣೆ ಹೊತ್ತು ಇಲ್ಲಿಯೇ ಉಳಿದ. ಹುಡುಗರು ಮುಂದೆ ಸಾಗಿ 1585ರ ಮಾರ್ಚಿನಲ್ಲಿ ರೋಮಿನಲ್ಲಿ ಪೋಪ್ ಹದಿಮೂರನೆಯ ಗ್ರೆಗೊರಿಯ ದರ್ಶನ ಪಡೆದರು. ಹಿಂತಿರುಗುವಾಗ 1587ರಲ್ಲಿ ಮತ್ತೆ ಗೋವೆಗೆ ಬಂದಾಗ ಅವರಲ್ಲೊಬ್ಬನಾದ ಹಾರಾ ಮಾರ್ತಿನ್ಹೋ ಲ್ಯಾಟಿನ್ ಭಾಷೆಯಲ್ಲಿ ಮಾಡಿದ ಭಾಷಣ ಮರುವರ್ಷ ಗೋವೆಯ ಮುದ್ರಣಾಲಯದಲ್ಲಿಯೇ ಅಚ್ಚಾಯಿತು.

ಕೋಟೆಯ ಕೊನೆ ಇದರ ನಡುವೆಯೇ ನಡೆದುಹೋಯಿತು. ಹುಡುಗರು ನಾಗಾಸಾಕಿ ಬಿಟ್ಟ ನಾಲ್ಕೇ ತಿಂಗಳಿಗೆ, 1582ರ ಜೂನ್ 21ರಂದು, ಕ್ಯೋಟೊದ ಹೊನ್ನೋಜಿ ದೇವಾಲಯದಲ್ಲಿ ತಂಗಿದ್ದ ನೊಬುನಾಗನ ಮೇಲೆ ಅವನದೇ ಸರದಾರ, ಸಕಾಮೊತೋದ ಒಡೆಯ ಮಿತ್ಸುಹಿಡೆ ಎರಗಿದ; ನೊಬುನಾಗ ಅಲ್ಲಿಯೇ ಸತ್ತ. ಮಿತ್ಸುಹಿಡೆ ಅಜುಚಿಯನ್ನು ಹಿಡಿದ, ಹಿಡೆಯೋಶಿಯ ಕೈಯಲ್ಲಿ ಸೋತು ಅಳಿದ. ಆ ಗದ್ದಲದ ದಿನಗಳಲ್ಲಿ ಗೋಪುರಕ್ಕೆ ಬೆಂಕಿ ಬಿತ್ತು. ಬೆಂಕಿ ಇಟ್ಟವನು ನೊಬುನಾಗನ ಮಗ ನೊಬುಕಾತ್ಸು ಎಂದು ಫ್ರೋಯಿಸ್ ಬರೆದರೆ, ಮಿತ್ಸುಹಿಡೆಯ ಕಡೆಯವರೆಂದು ಬೇರೆಯವರು ಹೇಳುತ್ತಾರೆ. ಸರೋವರದ ಸುತ್ತ ದೋಣಿಯಿಂದ ಬೆಸೆದ ನಾಲ್ಕು ಕೋಟೆಗಳ ಸರಪಳಿ ಒಂದು ಕೊಂಡಿ ತಿರುಗಿಬಿದ್ದದ್ದರಿಂದಲೇ ಕಳಚಿತು. 1585ರಲ್ಲಿ ಪಕ್ಕದ ಹಾಚಿಮಾನ್ ಗುಡ್ಡದಲ್ಲಿ ಹೊಸ ಕೋಟೆ ಎದ್ದಾಗ ಅಜುಚಿಯ ಪೇಟೆಯೂ ಅಲ್ಲಿಗೆ ಸಾಗಿತು. ಗುಡ್ಡದ ಮೇಲೆ ನೊಬುನಾಗ ಸ್ಥಾಪಿಸಿದ ಸೋಕೆನ್‌ಜಿ ದೇವಾಲಯದ ಮೂರಂತಸ್ತಿನ ಗೋಪುರ ಮತ್ತು ದ್ವಾರಪಾಲಕರ ಬಾಗಿಲು ಮಾತ್ರ ಇಂದಿಗೂ ನಿಂತಿವೆ.

ಅಂದರೆ ಪರದೆಗಳು ಗೋವೆಯ ದಕ್ಕೆಯಲ್ಲಿ ಇಳಿದಾಗ ಅವುಗಳಲ್ಲಿದ್ದ ಕೋಟೆ ಸುಟ್ಟು ಆಗಲೇ ಒಂದೂವರೆ ವರ್ಷವಾಗಿತ್ತು. ರೋಮಿನಲ್ಲಿ ಅವುಗಳನ್ನು ಪ್ರದರ್ಶನಕ್ಕೆ ಇಟ್ಟಿದ್ದರು. 1590ರ ದಶಕದ ಆರಂಭದಲ್ಲಿ ಫಿಲಿಪ್ಸ್ ವಾನ್ ವಿಂಗೆ ಎಂಬ ಫ್ಲೆಮಿಶ್ ಪ್ರಾಚ್ಯವಸ್ತು ತಜ್ಞ ಅವುಗಳ ಕೆಲವು ಭಾಗಗಳನ್ನು ಗೆರೆಯಲ್ಲಿ ನಕಲು ಮಾಡಿಕೊಂಡ. ಆಮೇಲೆ ಪರದೆಗಳು ಕಾಣೆಯಾದವು, ಜಪಾನಿನಿಂದ ತಂಡಗಳು ಹೋಗಿ ಹುಡುಕಿದರೂ ಸಿಕ್ಕಿಲ್ಲ. ಅವು ಸಿಕ್ಕ ದಿನ ನೈತೋ ಮತ್ತು ಮಿಯಾಕಾಮಿಯವರ ವಾದದ ಹೊರಮೈಯ ಭಾಗವಾದರೂ ಇತ್ಯರ್ಥವಾಗುತ್ತದೆ.

ಸಂತ ಪೌಲರ ವಿದ್ಯಾಲಯದಲ್ಲಿ ಈಗ ಉಳಿದಿರುವುದು ಹಳೆ ಗೋವೆಯ ರಸ್ತೆಯ ಬದಿಯ ಒಂಟಿ ಕಮಾನು ಮಾತ್ರ. ವಾಸ್ಕೋದವರೇ, ಬರುವ ಭಾನುವಾರ ಬಿಡುವಿದ್ದರೆ ಬನ್ನಿ, ನಾನೂ ಮಡಗಾಂವಿನಿಂದ ಬೆಳಗಿನ ಬಸ್ಸಿಗೆ ಬ‌ರುತ್ತೇನೆ.


ಪ್ರಶ್ನೆ ಕೇಳಿದವರು: ವಾಸ್ಕೋ ಬಂದರು

ಖಂಡಿತ ಬರುತ್ತೇನೆ ಮೇಷ್ಟ್ರೇ. ಆ ಕಮಾನಿನ ಮುಂದಿನಿಂದ ಎಷ್ಟೋ ಸಲ ಹಾದುಹೋಗಿದ್ದೇನೆ, ಗಾಡಿ ನಿಲ್ಲಿಸಿದ್ದಿಲ್ಲ. ಪರ್ವರಿಯ ಅಕ್ಕಾವರು ಮತ್ತು ಫೋಂಡಾದ ಅಣ್ಣ ಕೂಡ ಬರುವುದಾದರೆ ಒಂಬತ್ತು ಗಂಟೆಗೆ ಅಲ್ಲಿಯೇ ಸೇರೋಣ. ಅಕ್ಕಾವರು ಅಜುಚಿಯ ಮೆಟ್ಟಿಲಿನ ಫೋಟೋಗಳನ್ನು ತಂದರೆ ದೊಡ್ಡ ಉಪಕಾರ.